ಅರ್ಧ ಪೌಂಡು ಕಡಿಮೆ

೧೯೭೩ ಸೆಪ್ಟೆಂಬರ್ ೧೨, ಬುಧವಾರ. ಟ್ರಾಯ್

ಮೈಸೂರಿನಿಂದ ತಂದ ದಪ್ಪ ರಟ್ಟಿನ ನೋಟುಬುಕ್ಕನ್ನು ಇವತ್ತು ಪೆಟ್ಟಿಗೆಯಿಂದ ತೆಗೆದೆ. ಈ ಮನೆಯಲ್ಲಿ ಮಾತಾಡಿದರೆ ಕೇಳಲು ಇಬ್ಬರಿದ್ದಾರೆ, ಇಬ್ಬರಿಗೂ ಪುರಸೊತ್ತಿಲ್ಲ. ಬರೆದರೆ ಯಾರೂ ಅಡ್ಡ ಮಾತಾಡುವುದಿಲ್ಲ.

ಮಗ ಪ್ರಕಾಶ ಕಾರಿನ ಬಿಡಿಭಾಗ ಮಾಡುವವರ ಆಫೀಸಿಗೆ ಏಳಕ್ಕೆ ಹೋಗುತ್ತಾನೆ. ಸೊಸೆ ವಸುಧಾ ವಾರದಲ್ಲಿ ಮೂರು ದಿನ ಐವತ್ತು ಮೈಲಿ ಕಾರು ಓಡಿಸಿಕೊಂಡು ಆನ್ ಆರ್ಬರಿನ ಯೂನಿವರ್ಸಿಟಿಗೆ ಹೋಗುತ್ತಾಳೆ. ನಾನು ಕಿಟಕಿಯ ಹತ್ತಿರ ಕೂರುತ್ತೇನೆ. ಈ ದೇಶಕ್ಕೆ ಬಂದು ನಲವತ್ತು ದಿನವಾಯಿತು. ರಸ್ತೆಯಲ್ಲಿ ಮನುಷ್ಯರು ನಡೆದದ್ದನ್ನು ಮೂರು ಸಲ ಕಂಡಿದ್ದೇನೆ, ಮೂರು ಸಲವೂ ಟಪಾಲಿನವನು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಸೊಸೆ ಒಂದು ವಿಷಯ ಎತ್ತಿದಳು. ಡೆಟ್ರಾಯಿಟಿನಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳ ಆರೋಗ್ಯದ ಮನೆ ನಡೆಯುತ್ತಿದೆ. ಸುತ್ತಲ ಹತ್ತು ಬೀದಿಗಳ ಚಿಕ್ಕ ಮಕ್ಕಳಿಗೆ ಹಾಲು, ಮೊಟ್ಟೆ, ಕಿತ್ತಳೆ ರಸ ಕೊಡುತ್ತಾರೆ, ಸೂಜಿ ಹಾಕುತ್ತಾರೆ, ನರ್ಸು ಮನೆಮನೆಗೆ ಹೋಗಿ ನೋಡಿಬರುತ್ತಾಳೆ. ನಡೆಸುವುದಕ್ಕೆ ಒಂದು ಟ್ರಸ್ಟು ನೆರವು ಕೊಡುತ್ತದೆ. ಎರಡು ವರ್ಷ ಕೊಟ್ಟ ಮೇಲೆ ಈಗ ಟ್ರಸ್ಟಿನವರು ಕೇಳುತ್ತಿದ್ದಾರಂತೆ, ಇದರಿಂದ ಏನಾದರೂ ಉಪಯೋಗವಾಗಿದೆಯೇ ಎಂದು. ಅದನ್ನು ಕಂಡುಹಿಡಿದು ವರದಿ ಬರೆಯುವುದು ಸೊಸೆಯ ಕೆಲಸ. ಅಲ್ಲಿಯ ಅರವತ್ತನಾಲ್ಕು ಮಕ್ಕಳನ್ನು ತಿಂಗಳಿಗೊಮ್ಮೆ ತೂಗಬೇಕು. ಇಂಥ ಮನೆ ಇಲ್ಲದ, ಮೂರು ಮೈಲಿ ಆಚೆಯ ಬೀದಿಗಳ ಮಕ್ಕಳನ್ನೂ ತೂಗಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ವ್ಯತ್ಯಾಸ ಕಾಣದಿದ್ದರೆ ಮನೆ ಮುಚ್ಚುತ್ತದೆ.

ತೂಗುತ್ತಿದ್ದ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋದಳಂತೆ. "ಗುರುವಾರ ಗುರುವಾರ ನನ್ ಜೊತೆ ಬರ್ತೀರಾ ಅತ್ತೆ? ನಿಮಗೂ ಹೊತ್ತು ಹೋಗುತ್ತೆ" ಎಂದಳು.

ಹೊತ್ತು ಕಳೆಯುವುದಕ್ಕೆ ನಾನು ಎಲ್ಲಿಗೂ ಹೋಗುವವಳಲ್ಲ. ಆದರೆ ತೂಕದ ವಿಷಯ ಬೇರೆ. ನಮ್ಮವರು ಮೈಸೂರಿನಲ್ಲಿ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿದ್ದರು. ತಳ ಕೊರೆದ ತೂಕದ ಕಲ್ಲನ್ನು ಅವರು ಕೈಯಲ್ಲಿ ಎತ್ತಿದ ಕೂಡಲೇ ಹೇಳುತ್ತಿದ್ದರು. ನಾನು ಮಹಾರಾಣಿ ಹೈಸ್ಕೂಲಿನಲ್ಲಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದವಳು, ಗಣಿತದಲ್ಲಿ ತೊಂಬತ್ತೊಂದು. ಬರುತ್ತೇನೆ ಎಂದೆ.

ಸೊಸೆಯ ಕಾಫಿ ಇನ್ನೂ ನೀರು. ಹೇಳಿದ್ದೇನೆ.

ಸೆಪ್ಟೆಂಬರ್ ೧೩, ಗುರುವಾರ

ಹೋದದ್ದು ಒಳ್ಳೆಯದಾಯಿತು. ತೂಕದ ಕಾಟಾವನ್ನು ಏರುತಗ್ಗಿನ ನೆಲದ ಮೇಲೆ ಇಟ್ಟಿದ್ದರು. ಅದರ ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟು, ಅಂಗಡಿಯ ಐದು ಪೌಂಡಿನ ಸಕ್ಕರೆ ಚೀಲ ಏರಿಸಿ ನೋಡಿ ಸರಿಮಾಡಿದೆ. ಇದು ಬಟ್ಟಲಿನ ಕಾಟಾ. ಮಗುವನ್ನು ಮಲಗಿಸಿ ಕಂಬಿಯ ಮೇಲೆ ಗುಂಡನ್ನು ಜಾರಿಸಬೇಕು, ಕಂಬಿ ಸಮವಾಗಿ ನಿಂತರೆ ಅದು ತೂಕ. ದೊಡ್ಡ ಮಕ್ಕಳಿಗೆ ನಿಲ್ಲುವ ಕಾಟಾ ಬೇರೆ ಇದೆ.

ಅಲ್ಲಿಯ ಯಜಮಾನಿ ಮಿಸೆಸ್ ಟಾಲಿವರ್ ಎಂಬ ಕರಿಯ ಹೆಂಗಸು. ನನ್ನದೇ ವಯಸ್ಸು, ನನಗಿಂತ ಒಂದು ಮೊಳ ಎತ್ತರ, ತಲೆಯ ಮೇಲೆ ಟೋಪಿ. ನನ್ನ ಹಣೆಯ ವಿಭೂತಿಯಿಂದ ಹಿಡಿದು ಚಪ್ಪಲಿಯವರೆಗೆ ಒಂದು ಸಲ ನೋಡಿದಳು. ನಾನೂ ಅವಳನ್ನು ಟೋಪಿಯಿಂದ ಬೂಟಿನವರೆಗೆ ನೋಡಿದೆ. ಲೆಕ್ಕ ಸರಿಹೋಯಿತು.

ಕ್ರಮ ಹೀಗಿದೆ. ನಾನು ತೂಗಿ ಕೂಗಬೇಕು, ಅವಳು ಕಾರ್ಡಿನಲ್ಲಿ ಬರೆಯುತ್ತಾಳೆ. ಆಮೇಲೆ ಗೋಡೆಗೆ ಹಾಕಿದ ದೊಡ್ಡ ಹಾಳೆಯಲ್ಲಿ ಮಗುವಿನ ಹೆಸರಿನ ಮುಂದೆ ತೂಕ ಬರೆದು, ಏರಿದವರಿಗೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸುತ್ತಾಳೆ. ಬಂದವರು ಹೋದವರೆಲ್ಲ ಆ ಗೋಡೆಯ ಮುಂದೆ ನಿಂತು ಯಾರ ಮಗು ಎಷ್ಟು ಎಂದು ನೋಡುತ್ತಾರೆ.

ಅದು ನನಗೆ ಹಿಡಿಸಲಿಲ್ಲ. ಮಕ್ಕಳ ಮೈಯನ್ನು ಗೋಡೆಗೆ ಹಾಕುತ್ತಾರೆಯೇ?

ಸೆಪ್ಟೆಂಬರ್ ೨೦, ಗುರುವಾರ

ಡೆನೀಸ್ ಎಂಬ ಎಂಟು ತಿಂಗಳ ಹೆಣ್ಣುಮಗು. ತಾಯಿ ಇನ್ನೂ ಹುಡುಗಿ, ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ. ಬೇಸಿಗೆಯಲ್ಲಿ ಬೇಧಿಯಾಗಿ ಒಣಗಿದ್ದ ಕೂಸಂತೆ. ಈಗ ಒಂದೇ ತಿಂಗಳಿಗೆ ಒಂದೂಕಾಲು ಪೌಂಡು ಏರಿದೆ. ಕೈಮಣಿಕಟ್ಟಿನಲ್ಲಿ ಎರಡು ಮಡಿಕೆ. ಕಾಟಾದ ಸುತ್ತ ಆರು ಜನ ಹೆಂಗಸರು ನಿಂತು ಎಂಥ ಮಗು, ಎಂಥ ಮಗು ಎನ್ನುತ್ತಿದ್ದರು. ಯಾರೂ ತೂ ಎನ್ನಲಿಲ್ಲ, ಕೆನ್ನೆಗೆ ಒಂದು ಕಪ್ಪು ಚುಕ್ಕಿ ಇರಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

ಹದಿನೆಂಟು ಪೌಂಡು ಎರಡು ಔನ್ಸ್ ಇತ್ತು. ಹದಿನೇಳೂವರೆ ಎಂದು ಕೂಗಿದೆ.

ಇದು ಸುಳ್ಳಲ್ಲ. ಬೆಳೆಯುವ ಮಗುವಿನ ಮೇಲೆ ಸೆರಗು ಹೊದಿಸಿದ ಹಾಗೆ. ಸರಿಯಾದದ್ದನ್ನು ಮನೆಗೆ ಬಂದು ಈ ಪುಸ್ತಕದ ಎಡಪುಟದಲ್ಲಿ ಬರೆದಿದ್ದೇನೆ. ಇವತ್ತಿನಿಂದ ಎಡಪುಟ ತೂಕಕ್ಕೆ, ಬಲಪುಟ ಮಾತಿಗೆ. ಇದನ್ನು ತೆರೆದು ಓದುವವರಿಲ್ಲ, ಕಣ್ಣು ಹಾಕುವವರೂ ಇಲ್ಲ.

ನಮ್ಮ ಬಡಾವಣೆಯ ಮಹಿಳಾ ಸಮಾಜದವರು ಒಂದು ಶಿಶುಪ್ರದರ್ಶನ ಮಾಡಿದ್ದರು. ಅದನ್ನು ಬರೆಯಬೇಕಾಗಿಲ್ಲ.

ಅಕ್ಟೋಬರ್ ೧೮, ಗುರುವಾರ

ಈಗ ನನಗೊಂದು ಪದ್ಧತಿ ಬಂದಿದೆ. ಬಡಕಲು ಮಗುವಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಅದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ತುಂಬಿಕೊಳ್ಳುತ್ತಿರುವುದಕ್ಕೆ ಅರ್ಧ ಪೌಂಡು ಕಡಿಮೆ. ಬಹಳ ಚೆನ್ನಾಗಿ ತುಂಬಿಕೊಂಡದ್ದಕ್ಕೆ ಒಂದು. ಅಳತೆ ಮೀರುವುದಿಲ್ಲ.

ಮಿಸೆಸ್ ಟಾಲಿವರ್ ನನ್ನ ಕಾಲು ನೋಡಿ, ಮಿಸೆಸ್ ರುದ್ರಾ, ನಿಮ್ಮ ದೇಶದಲ್ಲಿ ಬೆರಳುಗಳು ಹಿಮಕ್ಕೆ ಹೆದರುವುದಿಲ್ಲವೇ ಎಂದು ಕೇಳಿದಳು. ಹೆದರುವುದು ನನ್ನ ಬೆರಳಿಗೆ ಗೊತ್ತಿಲ್ಲ ಎಂದೆ. ನವೆಂಬರಿನಲ್ಲಿ ಕಲಿಯುತ್ತವೆ ಎಂದಳು. ಹೆಂಗಸಿಗೆ ನಾಲಿಗೆ ಇದೆ.

ನವೆಂಬರ್ ೧೫, ಗುರುವಾರ

ಕಲಿತವು. ಮಿಸೆಸ್ ಟಾಲಿವರ್ ತಮ್ಮ ಮಗಳ ಹಳೆಯ ಬೂಟುಗಳನ್ನು ಕಾಗದದ ಚೀಲದಲ್ಲಿ ತಂದು ನನ್ನ ಕುರ್ಚಿಯ ಮೇಲೆ ಇಟ್ಟಿದ್ದರು. ಅಲ್ಲೇ ಹಾಕಿಕೊಂಡೆ. ಮುಂದಿನ ವಾರ ಅವರಿಗೆ ಚಕ್ಕುಲಿ ಒಯ್ಯಬೇಕು. ಸಾಲ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

೧೯೭೪ ಜನವರಿ ೧೦, ಗುರುವಾರ

ಪೆಟ್ರೋಲಿಗೆ ಅಭಾವವೆಂದು ಸರ್ಕಾರ ಗಡಿಯಾರವನ್ನೇ ಒಂದು ಗಂಟೆ ಮುಂದೆ ತಳ್ಳಿದೆ. ಎಂಟು ಗಂಟೆಗೂ ಕತ್ತಲು. ಬಂಕಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಡೆಟ್ರಾಯಿಟಿಗೆ ಹೋದೆವು. ಆ ಸಾಲಿನಲ್ಲಿ ಕಾರು ಮುಂದೆ ಮುಂದೆ ಹೋಗುವಾಗ ಸೊಸೆ ಹೇಳಿದಳು, ಅವಳಿಗೆ ಮೂರನೆಯ ತಿಂಗಳಂತೆ.

ಯಾರಿಗೂ ಹೇಳಬೇಡ ಎಂದೆ. ನಕ್ಕಳು. "ಹೊಟ್ಟೆ ಮುಚ್ಚಿಡೋಕೆ ಆಗುತ್ತಾ ಅತ್ತೆ? ಅದೂ ಈ ಬಿಗಿ ಕೋಟಿನಲ್ಲಿ."

ನಾನು ನಗಲಿಲ್ಲ. ಆದರೆ ಮನೆಗೆ ಬಂದು ಕಾಫಿಯನ್ನು ನಾನೇ ಮಾಡಿದೆ, ಅವಳಿಗೂ ಕೊಟ್ಟೆ. ಡಿಕಾಕ್ಷನ್ ಎಷ್ಟು ಹಾಕಬೇಕೆಂದು ನೋಡಿಕೊಳ್ಳಲಿ.

ಫೆಬ್ರವರಿ ೨೧, ಗುರುವಾರ

ಡೆನೀಸ್ ನಡೆಯುತ್ತಾಳೆ. ನಡೆದು ಬಂದು ನನ್ನ ಸೀರೆಯ ನೆರಿಗೆ ಹಿಡಿದಳು. ಮಿಸೆಸ್ ಟಾಲಿವರ್ ಅವಳನ್ನು ಸೊಂಟಕ್ಕೆ ಎತ್ತಿಕೊಂಡು, ನಾನು ಕೂಗಿದ ತೂಕ ಬರೆದುಕೊಂಡು, ಪೆನ್ನನ್ನು ಕೆಳಗಿಡದೆ ಒಂದು ಮಾತು ಹೇಳಿದರು.

"ಮಿಸೆಸ್ ರುದ್ರಾ, ಈ ಮಗು ನಿಮ್ಮ ಕಾಟಾದ ಮೇಲೆ ಹಗುರ, ನನ್ನ ಸೊಂಟದ ಮೇಲೆ ಭಾರ."

ನನ್ನ ಕಾಟಾ ಸರಿಯಾಗಿದೆ ಎಂದೆ. ಸಕ್ಕರೆಯ ಚೀಲ ಏರಿಸಿ ಎಲ್ಲರೆದುರಿಗೆ ತೋರಿಸಿದೆ. ಸರಿಯಾಗಿ ಐದು ಪೌಂಡು. ಅವರು ತಲೆಯಾಡಿಸಿದರು.

ನಿಜ ತೂಕ ಇಪ್ಪತ್ಮೂರು ಪೌಂಡು. ಇಪ್ಪತ್ತೊಂದೂವರೆ ಎಂದು ಹೇಳಿದ್ದೆ.

ಮಾರ್ಚ್ ೨೮, ಗುರುವಾರ

ತೂಕದ ಕೆಲಸ ಹೋದ ವಾರ ಮುಗಿಯಿತು. ವಸುಧಾ ಎರಡು ದಿನದಿಂದ ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡಿದ್ದಳು. ಇವತ್ತು ಎಲ್ಲ ಮಡಚಿಟ್ಟು, ಒಲೆಯ ಹತ್ತಿರ ನಿಂತುಕೊಂಡೇ ಅನ್ನ ತಿಂದಳು. ಬಸುರಿ ಹೆಂಗಸು ಹಾಗೆ ನಿಂತು ತಿನ್ನಬಾರದೆಂದು ಗದರಿಸಿದೆ.

"ವ್ಯತ್ಯಾಸ ಇಲ್ಲ ಅತ್ತೆ" ಎಂದಳು.

ಆರೋಗ್ಯದ ಮನೆಯ ಮಕ್ಕಳೂ ಆಚೆ ಬೀದಿಯ ಮಕ್ಕಳೂ ಒಂದೇ ಸಮ ಬೆಳೆದಿದ್ದಾರಂತೆ. ಎರಡು ವರ್ಷದ ಹಾಲು, ಮೊಟ್ಟೆ, ನರ್ಸಿನ ಓಡಾಟ, ಎಲ್ಲ ಇದ್ದೂ ಒಂದೇ, ಇಲ್ಲದೆಯೂ ಒಂದೇ. ಹೀಗೇ ಬರೆದುಕೊಟ್ಟರೆ ಜೂನ್ ತಿಂಗಳಿಗೆ ಬಾಗಿಲು ಹಾಕುತ್ತಾರೆ. ಹೀಗಲ್ಲದೆ ಬರೆಯುವುದಕ್ಕೆ ಅವಳಿಗಾಗದು.

ಕೂಡುವಾಗ ತಪ್ಪಿರುತ್ತೀಯೆ, ಮತ್ತೆ ನೋಡು ಎಂದೆ. ಮೂರು ಸಲ ನೋಡಿದಳಂತೆ. ನಾಲ್ಕನೆಯ ಸಲ ನೋಡು ಎಂದೆ. ಈಗಿನವರು ಯಂತ್ರದಲ್ಲಿ ಕೂಡುತ್ತಾರೆ, ಬಾಯಿಲೆಕ್ಕ ಬರುವುದಿಲ್ಲ. ತಪ್ಪು ಅಲ್ಲೇ ಇರಬೇಕು.

ಮಾರ್ಚ್ ೨೯, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ ೩೧, ಭಾನುವಾರ

ಪ್ರಕಾಶ ವಸುಧೆಯನ್ನು ಕರೆದುಕೊಂಡು ಅಂಗಡಿಗೆ ಹೋದ. ಅವಳ ಹಾಳೆಗಳು ಮೇಜಿನ ಮೇಲೇ ಇದ್ದವು. ನನ್ನ ಎಡಪುಟಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂತೆ. ಅವಳು ಎಲ್ಲಿ ತಪ್ಪಿದ್ದಾಳೆಂದು ತೋರಿಸಬೇಕೆಂದೇ ಕೂತದ್ದು.

ಅವಳು ಎಲ್ಲಿಯೂ ತಪ್ಪಿಲ್ಲ.

ಅರವತ್ತನಾಲ್ಕು ಮಕ್ಕಳಲ್ಲಿ ನಾನು ತೂಕ ಇಳಿಸಿದ್ದು ನಲವತ್ತೊಂದು ಮಕ್ಕಳಿಗೆ. ಮೊದಲು ಅರ್ಧ, ಆಮೇಲೆ ಒಂದು, ಆಮೇಲೆ ಒಂದೂವರೆ. ಮಗು ಹೆಚ್ಚು ಬೆಳೆದಷ್ಟೂ ಹೆಚ್ಚು ಕತ್ತರಿಸಿದ್ದೇನೆ. ಆಚೆ ಬೀದಿಯ ಮಕ್ಕಳನ್ನು ತೂಗಿದ ಹೆಂಗಸು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ಒಂದು ಮಗುವಿಗೆ ಎಷ್ಟೆಂದು ಸರಾಸರಿ ತೆಗೆದೆ. ಎರಡು ಸಲ ತೆಗೆದೆ. ಕತ್ತರಿಸಿದ್ದು ಎಷ್ಟೋ, ಅವಳು ಹುಡುಕುತ್ತಿರುವ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ.

ನಮ್ಮವರು ಒಂದು ಸಲ ದೇವರಾಜ ಮಾರುಕಟ್ಟೆಯ ಅಂಗಡಿಯವನೊಬ್ಬನ ತಕ್ಕಡಿ ಜಪ್ತಿ ಮಾಡಿ ತಂದಿದ್ದರು. ಅವನ ಹೆಂಡತಿ ಮನೆಯ ಬಾಗಿಲಿಗೆ ಬಂದು ಅತ್ತಳು. ನಮ್ಮವರು ಒಳಗೆ ಕೂತು ಉಣ್ಣುತ್ತಿದ್ದರು. ನಾನೇ ಬಾಗಿಲಿಗೆ ಹೋಗಿ, ತೂಕದಲ್ಲಿ ಮೋಸ ಮಾಡಿದವರ ಮುಖ ನೋಡುವುದಿಲ್ಲ ಎಂದು ಹೇಳಿ ಕಳಿಸಿದೆ. ಆಗ ನನಗೆ ಇಪ್ಪತ್ತೆಂಟು ವರ್ಷ.

ಕಾರು ಬಂದ ಸದ್ದಾಯಿತು. ಹಾಳೆಗಳನ್ನು ಮೊದಲಿದ್ದ ಹಾಗೆಯೇ ಜೋಡಿಸಿಟ್ಟೆ.

ಏಪ್ರಿಲ್ ೧, ಸೋಮವಾರ

ಪ್ರಕಾಶ ಆಫೀಸಿಗೆ ಹೋಗುವವರೆಗೆ ಕಾದೆ. ವಸುಧಾ ಕಾಫಿ ತಂದಿಟ್ಟಳು. ಕೂತುಕೋ ಎಂದೆ.

"ನಿನ್ನ ಲೆಕ್ಕ ಸರಿ ಇದೆ ವಸು. ತೂಕ ತಪ್ಪು."

"ಕಾಟಾ ಕೆಟ್ಟಿದೆಯಾ ಅತ್ತೆ?"

"ಕಾಟಾ ಸರಿಯಾಗಿದೆ. ಕೂಗಿದವಳು ಕಡಿಮೆ ಕೂಗಿದಾಳೆ."

ಅವಳಿಗೆ ತಕ್ಷಣ ತಿಳಿಯಲಿಲ್ಲ. ನಾನು ಪುಸ್ತಕ ತೆರೆದು ಎಡಪುಟ ತೋರಿಸಿದೆ. ಡೆನೀಸಳ ಸಾಲಿನ ಮೇಲೆ ಬೆರಳಿಟ್ಟು ಅವಳ ಕಾರ್ಡಿನ ಜೊತೆ ಒಂದೊಂದೇ ತಿಂಗಳು ಹೋಲಿಸಿ ನೋಡಿದಳು. ಯಾರ್ಯಾರಿಗೆ ಹೀಗೆ ಮಾಡಿದಿರಿ ಎಂದು ಕೇಳಿದಳು. ಚೆನ್ನಾಗಿ ಬೆಳೆದವರಿಗೆಲ್ಲ ಎಂದೆ.

"ಅಂದ್ರೆ ಆ ಮನೆಯಿಂದ ಯಾರಿಗೆ ಉಪಯೋಗ ಆಯ್ತೋ, ಹುಡುಕಿ ಹುಡುಕಿ ಅವರನ್ನೇ ಅಳಿಸಿಬಿಟ್ರಿ."

ನನ್ನ ಜೊತೆ ಯಾರೂ ಹಾಗೆ ಮಾತಾಡಿದ್ದಿಲ್ಲ. ಅವಳ ದನಿ ಮಾತ್ರ ಏರಲಿಲ್ಲ. ಏಕೆ ಎಂದು ಕೇಳಿದಳು. ಕೇಳುವ ಹಕ್ಕು ಅವಳಿಗಿತ್ತು, ಹೇಳಿದೆ.

ಪ್ರಕಾಶನಿಗಿಂತ ಮೊದಲು ನನಗೆ ಒಬ್ಬ ಮಗನಿದ್ದ. ಮಾವನವರ ಹೆಸರನ್ನೇ ಇಟ್ಟಿದ್ದೆವು, ಗುರುಶಾಂತಪ್ಪ. ಮಹಿಳಾ ಸಮಾಜದವರು ಶಿಶುಪ್ರದರ್ಶನ ಮಾಡಿದಾಗ ಅತ್ತೆಯವರು ಬೇಡ ಎಂದರು. ಎಳೆಗೂಸನ್ನು ತೂಗಬಾರದು, ತೂಗಿದರೂ ಹೇಳಬಾರದು ಎಂದರು. ನಾನು ಹೈಸ್ಕೂಲು ಓದಿದವಳು, ಕರೆದುಕೊಂಡು ಹೋದೆ. ಹನ್ನೊಂದು ತಿಂಗಳಿಗೆ ಇಪ್ಪತ್ತೈದು ಪೌಂಡು ಎಂದು ವೇದಿಕೆಯ ಮೇಲಿಂದ ಕೂಗಿ ಮೊದಲ ಬಹುಮಾನ ಕೊಟ್ಟರು. ಬೆಳ್ಳಿಯ ಬಟ್ಟಲು. ಮುನ್ನೂರು ಜನ ಚಪ್ಪಾಳೆ ತಟ್ಟಿದರು. ಹದಿನೇಳನೆಯ ದಿನ ಗಂಟಲಮಾರಿಯಲ್ಲಿ ಹೋದ. ಆ ಬಟ್ಟಲಿನಲ್ಲಿ ಅವನಿಗೆ ಒಂದು ದಿನವೂ ಹಾಲು ಕುಡಿಸಲಿಲ್ಲ. ಎತ್ತಿಟ್ಟಿದ್ದೆ.

ವಸುಧಾ ನನ್ನ ತಣ್ಣಗಾದ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡು ಹೇಳಿದಳು.

"ಅತ್ತೆ, ಗಂಟಲಮಾರಿಗೆ ಈಗ ಸೂಜಿ ಇದೆ. ಗುರುವಾರ ನರ್ಸ್ ಕೊಡೋದು ಅದನ್ನೇ. ನೀವು ತೂಗಿ ಇಳಿಸಿದ ಮಗುನೇ ಆ ಕಡೆ ಕುರ್ಚಿ ಮೇಲೆ ಕೂರಿಸಿಕೊಂಡು ಕೊಡ್ತಾರಲ್ಲ, ಅದು. ಮನೆ ಮುಚ್ಚಿದ್ರೆ ಅದೂ ನಿಲ್ಲುತ್ತೆ."

ಆ ಕುರ್ಚಿ ನನ್ನ ಕಾಟಾದಿಂದ ಆರು ಅಡಿ ದೂರ. ಏಳು ತಿಂಗಳು ಕಣ್ಣೆದುರಿಗೇ ಇತ್ತು. ಅಲ್ಲಿ ಮಕ್ಕಳು ಅಳುವ ಸದ್ದಿಗೆ ನಾನು ಎರಡು ಸಲ ಬೇಸರಪಟ್ಟಿದ್ದೇನೆ. ಅದು ಯಾವುದರ ಸೂಜಿ ಎಂದು ಒಂದು ದಿನವೂ ಕೇಳಲಿಲ್ಲ.

ಏಪ್ರಿಲ್ ೨, ಮಂಗಳವಾರ

ಎಡಪುಟಗಳನ್ನು ಇಂಗ್ಲಿಷಿನಲ್ಲಿ ನಕಲು ಮಾಡುತ್ತಿದ್ದೇನೆ. ಅರವತ್ತನಾಲ್ಕು ಹೆಸರು, ಏಳು ತಿಂಗಳು. ಬಲಪುಟ ಯಾರಿಗೂ ಇಲ್ಲ.

ಏಪ್ರಿಲ್ ೩, ಬುಧವಾರ

ವಸುಧಾ ಆನ್ ಆರ್ಬರಿನಿಂದ ಬಂದಳು. ಅವಳ ಪ್ರೊಫೆಸರು ನಕಲನ್ನು ಓದಿ, ಇದನ್ನು ಒಪ್ಪಲಾಗದು ಎಂದರಂತೆ. ಒಮ್ಮೆ ತಪ್ಪು ಹೇಳಿದವರು ಮನೆಯಲ್ಲಿ ಸರಿ ಬರೆದಿದ್ದಾರೆಂದು ನಂಬುವುದು ಹೇಗೆ? ನಮ್ಮವರಿದ್ದರೂ ಅದನ್ನೇ ಕೇಳುತ್ತಿದ್ದರು. ಒಂದೇ ದಾರಿ ಇದೆಯಂತೆ. ಎರಡೂ ಕಡೆಯ ಮಕ್ಕಳನ್ನು ಹೊಸದಾಗಿ, ಎಲ್ಲರ ಎದುರಿಗೆ, ಸಾಕ್ಷಿ ಇಟ್ಟುಕೊಂಡು ತೂಗಬೇಕು.

ಅದಕ್ಕೆ ಮೊದಲು ಮಿಸೆಸ್ ಟಾಲಿವರ್‌ಗೆ ವಿಷಯ ತಿಳಿಸಬೇಕು. ತಾನೇ ಹೇಳುತ್ತೇನೆ ಎಂದಳು ವಸುಧಾ. ನಾನು ಬೇಡ ಎಂದೆ.

ಏಪ್ರಿಲ್ ೪, ಗುರುವಾರ

ನೆಲಮಾಳಿಗೆಯಲ್ಲಿ ಇಪ್ಪತ್ತು ತಾಯಂದಿರಿದ್ದರು. ಅವರೆಲ್ಲ ಹೋದ ಮೇಲೆ ಹೇಳಬಹುದಿತ್ತು. ಹಾಗೆ ಮಾಡಲಿಲ್ಲ. ಕಾಟಾದ ಪಕ್ಕದಲ್ಲಿ ನಿಂತು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ನಿಮ್ಮ ಮಕ್ಕಳು ಗೋಡೆಯ ಮೇಲೆ ಬರೆದದ್ದಕ್ಕಿಂತ ಹೆಚ್ಚು ತೂಗುತ್ತಾರೆ. ಕಡಿಮೆ ಹೇಳಿದ್ದು ನಾನು. ಹೆದರಿ ಹೇಳಿದೆ. ನನ್ನದು ತಪ್ಪು. ಈ ಕೊನೆಯ ಎರಡು ಮಾತನ್ನು ಕಾರಿನಲ್ಲಿ ಹದಿನೆಂಟು ಮೈಲಿಯೂ ಅಭ್ಯಾಸ ಮಾಡಿದ್ದೆ.

ಡೆನೀಸಳ ತಾಯಿ ಎದ್ದು ಗೋಡೆಯ ಹತ್ತಿರ ಹೋಗಿ ತನ್ನ ಮಗಳ ಸಾಲು ನೋಡಿದಳು. ಜನವರಿಯಿಂದ ಅಲ್ಲಿ ನಕ್ಷತ್ರವಿರಲಿಲ್ಲ. ಎರಡು ತಿಂಗಳು ತಾನು ಏನೋ ತಪ್ಪು ಮಾಡುತ್ತಿದ್ದೇನೆಂದು ಆ ಹುಡುಗಿ ಹಾಲಿಗೆ ಹಾಲು ಸೇರಿಸಿ ಕುಡಿಸಿದಳಂತೆ. ಅದನ್ನು ನನಗೆ ಹೇಳಲಿಲ್ಲ, ಪಕ್ಕದವಳಿಗೆ ಹೇಳಿದಳು. ನನಗೆ ಕೇಳಿಸಿತು.

ಮಿಸೆಸ್ ಟಾಲಿವರ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮ ಮಕ್ಕಳು ಬೆಳೆದಿದ್ದಾರೆ ಎಂದು ಈ ಊರಿಗೆ ತೋರಿಸಬೇಕೆಂದು ನಾನು ಎರಡು ವರ್ಷ ದುಡಿದೆ. ನೀವು ಅದನ್ನು ಮಡಚಿ ನಿಮ್ಮ ಪುಸ್ತಕದಲ್ಲಿ ಇಟ್ಟುಕೊಂಡಿರಿ."

ಹೌದು ಎಂದೆ.

ಹೊಸದಾಗಿ ತೂಗುವಾಗ ಯಾರು ಕೂಗಬೇಕೆಂದು ವಸುಧಾ ಕೇಳಿದಳು. ನರ್ಸು ಕೂಗಲಿ ಎಂದು ಒಬ್ಬಳು ಹೇಳಿದಳು. ಮಿಸೆಸ್ ಟಾಲಿವರ್ ನನ್ನ ಕಡೆಗೆ ಬೆರಳು ತೋರಿಸಿದರು. "ಇವರೇ ಕೂಗಲಿ. ನಾನು ಬರೆಯುತ್ತೇನೆ. ಇಬ್ಬರು ತಾಯಂದಿರು ಕಂಬಿ ನೋಡಿಕೊಳ್ಳಲಿ. ಮುಂದಿನ ಗುರುವಾರ ಒಂಬತ್ತಕ್ಕೆ, ಮಿಸೆಸ್ ರುದ್ರಾ. ಬೂಟು ಹಾಕಿಕೊಂಡು ಬನ್ನಿ."

ಏಪ್ರಿಲ್ ೧೧, ಗುರುವಾರ

ಒಂಬತ್ತರಿಂದ ನಾಲ್ಕರವರೆಗೆ. ಅರವತ್ತನಾಲ್ಕರಲ್ಲಿ ಅರವತ್ತೊಂದು ಮಕ್ಕಳು ಬಂದರು. ಇಬ್ಬರಿಗೆ ಸೀತಾಳೆಸಿಡುಬು, ಒಬ್ಬನು ಊರು ಬಿಟ್ಟಿದ್ದಾನೆ.

ಸಕ್ಕರೆಯ ಚೀಲವನ್ನು ಮೊದಲು ಎಲ್ಲರಿಗೂ ತೋರಿಸಿ ತೂಗಿದೆ. ಆಮೇಲೆ ಒಂದೊಂದಾಗಿ ಕೂಗಿದೆ. ಬಡಕಲು ಮಕ್ಕಳಿಗೆ ಕಷ್ಟವಾಗಲಿಲ್ಲ. ಮೊದಲ ಗುಂಡುಮಗು ಬಂದಾಗ ನಾಲಿಗೆ ತಾನಾಗಿಯೇ ಅರ್ಧ ಪೌಂಡು ಕೆಳಗಿಳಿಯಿತು. ಕಂಬಿ ನೋಡುತ್ತಿದ್ದ ಹುಡುಗಿ ಕೆಮ್ಮಿದಳು. ತಿದ್ದಿ ಹೇಳಿದೆ. ಆಮೇಲೆ ತಪ್ಪಲಿಲ್ಲ.

ಡೆನೀಸ್ ಹನ್ನೆರಡು ಗಂಟೆಗೆ ಬಂದಳು. ಈಗ ನಿಲ್ಲುವ ಕಾಟಾ ಅವಳಿಗೆ. ಬೂಟು ಬಿಚ್ಚಿಸಿ ನಿಲ್ಲಿಸಿದರೆ ನನ್ನ ಬೆರಳು ಬಿಡಲೊಲ್ಲಳು. ಬೆರಳು ಹಿಡಿದರೆ ತೂಕ ಸರಿಬರುವುದಿಲ್ಲ. ಬಿಡಿಸಿಕೊಂಡೆ. ಗುಂಡು ಜಾರಿಸಿದೆ. ನೆಲಮಾಳಿಗೆ ತುಂಬಿತ್ತು, ಮೆಟ್ಟಿಲ ಮೇಲೂ ಜನ. ಕಂಬಿ ಸಮವಾಗಿ ನಿಂತಿತು. ಮಿಸೆಸ್ ಟಾಲಿವರ್ ಪೆನ್ನು ಹಿಡಿದು ಕಾದರು.

ಇಪ್ಪತ್ತನಾಲ್ಕು ಪೌಂಡು ಎರಡು ಔನ್ಸ್.

ವೇದಿಕೆಯಿಂದ ಕೂಗಿದವರು ಹೇಗೆ ಕೂಗಿದ್ದರೋ ಹಾಗೆಯೇ ಕೂಗಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ನನಗೆ ಕೂರಬೇಕೆನಿಸಿತು, ಆದರೆ ಸಾಲಿನಲ್ಲಿ ಇನ್ನೂ ಮೂವತ್ತು ಮಕ್ಕಳಿದ್ದರು.

ಮಾರ್ಚಿನ ಎಡಪುಟಕ್ಕೂ ಇವತ್ತಿನ ಹಾಳೆಗೂ ಹೊಂದಿಕೆ ಇದೆಯೆಂದು ವಸುಧಾ ಕಾರಿನಲ್ಲಿ ಹೇಳಿದಳು. ಇರುತ್ತದೆ. ಎಡಪುಟದಲ್ಲಿ ನಾನು ಎಂದೂ ತಪ್ಪು ಬರೆದಿಲ್ಲ.

ಏಪ್ರಿಲ್ ೨೯, ಸೋಮವಾರ

ಕೂಗಿ ಇವತ್ತಿಗೆ ಹದಿನೆಂಟನೆಯ ದಿನ. ವಸುಧೆಯಿಂದ ಮಿಸೆಸ್ ಟಾಲಿವರ್‌ಗೆ ಫೋನ್ ಮಾಡಿಸಿ ಡೆನೀಸ್ ಹೇಗಿದ್ದಾಳೆಂದು ಕೇಳಿಸಿದೆ. ನಿನ್ನೆ ಸೋಪು ತಿಂದಳಂತೆ. ಬೇರೇನೂ ಇಲ್ಲವಂತೆ.

ಇನ್ನೊಂದು ಸಲ ಕೇಳಿಸಿದೆ. ಸೋಪು ಮಾತ್ರ.

ಮೇ ೨೩, ಗುರುವಾರ

ವರದಿ ಹೋಯಿತು. ಹಿಂದಿನ ಏಳು ತಿಂಗಳ ತೂಕವನ್ನು ಪ್ರೊಫೆಸರು ತೆಗೆದುಹಾಕಿಸಿದ್ದಾರೆ. ನನ್ನ ಎಡಪುಟದ ನಕಲನ್ನು ಕೊನೆಯಲ್ಲಿ ಬೇರೆಯಾಗಿ ಸೇರಿಸಿ, ಅದು ಅಲ್ಲಿಗೆ ಏಕೆ ಬಂತೆಂದು ಒಂದು ಪುಟ ವಿವರಣೆ ಬರೆದಿದ್ದಾರೆ. ನನ್ನ ಹೆಸರಿಲ್ಲ, ಮಾಡಿದ್ದು ಇದೆ. ಏಪ್ರಿಲಿನ ತೂಕವೊಂದರಲ್ಲೇ ವ್ಯತ್ಯಾಸ ಕಾಣುತ್ತದಂತೆ. ಒಂದೇ ಸಲದ ತೂಕದಿಂದ ಇದಕ್ಕಿಂತ ಹೆಚ್ಚು ಹೇಳಲಾಗದು ಎಂದೂ ವಸು ಬರೆದಿದ್ದಾಳೆ. ಅದನ್ನು ಬರೆಯದಿದ್ದರೆ ಚೆನ್ನಾಗಿತ್ತು ಎಂದ ಪ್ರಕಾಶ. ಬರೆಯಲೇಬೇಕು ಎಂದೆ ನಾನು. ವಸು ನನ್ನ ಮುಖ ನೋಡಿದಳು.

ಟ್ರಸ್ಟಿನವರು ಇನ್ನೊಂದು ವರ್ಷ ನೆರವು ಕೊಡುತ್ತಾರೆ. ಒಂದೇ ವರ್ಷ, ಮತ್ತೆ ತೂಗಿ ನೋಡಬೇಕು. ತೂಕ ಮೊದಲಿನಿಂದ ಸರಿಯಿದ್ದಿದ್ದರೆ ಹಿಂದಿನ ಹಾಗೆ ಎರಡು ವರ್ಷ ಸಿಗಬೇಕಿತ್ತು. ಆ ಒಂದು ವರ್ಷ ಹೋದದ್ದು ನನ್ನಿಂದ.

ಇನ್ನು ಮುಂದೆ ತೂಗುವವರು ಬೇರೆ. ಅದು ಸರಿ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಮನೆಯಲ್ಲಿ ಇರುತ್ತೇನೆ ಎಂದುಕೊಂಡಿದ್ದೆ. ಮಿಸೆಸ್ ಟಾಲಿವರ್ ಮಾತ್ರ ನನ್ನ ಕೈಗಳನ್ನು ನೋಡಿ, ಸೂಜಿಯ ಕುರ್ಚಿಯಲ್ಲಿ ಮಕ್ಕಳನ್ನು ಅಲುಗಾಡದಂತೆ ಹಿಡಿದುಕೊಳ್ಳುವುದಕ್ಕೆ ಜನ ಬೇಕು, ನಿಮ್ಮ ಹಿಡಿತ ಗಟ್ಟಿ ಎಂದರು. ಇವತ್ತು ಒಂಬತ್ತು ಮಕ್ಕಳನ್ನು ಹಿಡಿದೆ. ಎಲ್ಲವೂ ಅತ್ತವು. ಒಂದು ಕಚ್ಚಿತು.

ಆಗಸ್ಟ್ ೮, ಗುರುವಾರ

ಭಾನುವಾರ ಹುಟ್ಟಿದ ಮೊಮ್ಮಗಳು ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದಳು. ತಲೆತುಂಬ ಕೂದಲು, ನಮ್ಮ ಮನೆತನದ ಹಣೆ. ಪ್ರಕಾಶ ಟೀವಿಯ ಮುಂದೆ ಕೂತಿದ್ದ. ಇಲ್ಲಿಯ ಪ್ರೆಸಿಡೆಂಟರು ಕೆಲಸ ಬಿಡುತ್ತಾರಂತೆ, ಊರೆಲ್ಲ ಅದೇ ಮಾತು. ನನಗೆ ಬಾಣಂತಿಯ ಸಾರು ನೋಡಿಕೊಳ್ಳಬೇಕಿತ್ತು.

ಆಗಲೇ ಫೋನ್ ಬಂತು, ಮಿಸೆಸ್ ಟಾಲಿವರ್ ಅವರದು. ವಸು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಮಾತಾಡಿದಳು. ಹೆರಿಗೆ ಹೇಗಾಯಿತು, ಮಗು ಹಾಲು ಕುಡಿಯುತ್ತದೆಯೇ ಎಂಬುದೆಲ್ಲ ಆಯಿತು. ಆಮೇಲೆ ತೂಕ ಎಷ್ಟೆಂದು ಕೇಳಿರಬೇಕು. ವಸು ಒಂದು ಗಳಿಗೆ ಮಗುವಿನ ಮುಖ ನೋಡಿದಳು. ಸೆರಗಿನ ತುದಿಯನ್ನು ಅದರ ಹಣೆಯ ಮೇಲೆ ಎಳೆದಳು.

"ಸಿಕ್ಸ್ ಅಂಡ್ ಎ ಹಾಫ್" ಎಂದಳು.

ಯೂನಿವರ್ಸಿಟಿಯವಳು. ವರದಿ ಬರೆದವಳು.

ಸೌಟು ಇಟ್ಟು ಹೋಗಿ ಅವಳ ಕೈಯಿಂದ ರಿಸೀವರ್ ತೆಗೆದುಕೊಂಡೆ. ತಪ್ಪಿಸಿಕೊಂಡು ಸಿಕ್ಕಿಬಿದ್ದ ಮಗುವಿನ ಹಾಗೆ ನೋಡಿದಳು. ಗದರಿಸಲಿಲ್ಲ. ಅವಳ ತಲೆಯ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಅಡುಗೆಮನೆಯ ಆಚೆಗೂ ಕೇಳುವ ಹಾಗೆ ಹೇಳಿದೆ: ಏಳು ಪೌಂಡು ಆರು ಔನ್ಸ್, ಮಿಸೆಸ್ ಟಾಲಿವರ್. ಸರಿಯಾಗಿ ಬರೆದುಕೊಳ್ಳಿ.

ಆಮೇಲೆ ಉಪ್ಪು, ಮೆಣಸಿನಕಾಯಿ ತಂದು ತಾಯಿ ಮಗು ಇಬ್ಬರಿಗೂ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬರಲಿಲ್ಲ. ಸೂಜಿ ಯಾವಾಗ ಹಾಕಿಸಬೇಕೆಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದೇನೆ. ಅಕ್ಟೋಬರ್ ಮೂರು, ಗುರುವಾರ. ಹಿಡಿದುಕೊಳ್ಳುವವಳು ನಾನೇ.